ಬೆಂತಿಣ್ ಹೊಲಿಯುವ ಮಳೆಗಾಲ

ಜುಲೈ 16 ಕಾರ್ಮೆಲ್ ಮಾತೆಯ, ಅಂದರೆ ಯೇಸುವಿನ ತಾಯಿ ಮರಿಯಮ್ಮನ ಹಬ್ಬ. ಕಾರವಾರದಲ್ಲಿ ಅದು ಯಾವತ್ತೂ ಜಡಿಮಳೆಯ ಹಬ್ಬವೇ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನು ಹಿಡಿಯುವ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವ ಹಾಗಿಲ್ಲ. ನಮ್ಮಂಥ ಮನೆಗಳಲ್ಲಿ ಆಗ ಕೈಯಲ್ಲಿ ದುಡ್ಡು ಕಮ್ಮಿ, ಹೊತ್ತು ಜಾಸ್ತಿ. ಆ ಹೊತ್ತಿನಲ್ಲಿ ನಾವು ಐದಾರು ಹೆಂಗಸರು ಒಟ್ಟಿಗೆ ಕೂತು ಹಬ್ಬಕ್ಕೆ ಬೆಂತಿಣ್ ಹೊಲಿಯುತ್ತೇವೆ.

ಬೆಂತಿಣ್ ಗೊತ್ತಲ್ವಾ? ಕಂದು ಉಣ್ಣೆ ಬಟ್ಟೆಯ ಎರಡು ಪುಟ್ಟ ತುಂಡು, ಎರಡನ್ನೂ ಸೇರಿಸುವ ಲಾಡಿ. ಒಂದು ತುಂಡು ಎದೆ ಮೇಲೆ, ಇನ್ನೊಂದು ಬೆನ್ನ ಮೇಲೆ. ಲಾಡಿ ಕೂಡುವ ಮೂಲೆಯಲ್ಲಿ ಮೂರು ಸಲ ಸೂಜಿ ಹಾಯಿಸಿ ಬಿಗಿ ಮಾಡಬೇಕು, ಇಲ್ಲದಿದ್ದರೆ ವಾರದಲ್ಲೇ ಕಿತ್ತು ಬರುತ್ತದೆ. ಮಳೆಗೆ ಉಣ್ಣೆ ಮುಗ್ಗಲು ಹಿಡಿಯುತ್ತದೆ ಅಂತ ಹೊಲಿದದ್ದನ್ನೆಲ್ಲ ಒಲೆ ಮೇಲಿನ ಹಗ್ಗಕ್ಕೆ ಹಾಕಿಡುತ್ತೇವೆ.

ಎಷ್ಟೋ ವರ್ಷ ನನ್ನ ಮನಸ್ಸಿನಲ್ಲಿ ಒಂದೇ ಮಾತು. ದೇವರ ಕೆಲಸ ಮಾಡುವವರು ಮನೆ ಬಿಟ್ಟು ಹೋದ ಸಿಸ್ಟರುಗಳು, ಫಾದರುಗಳು. ನಾವು ಸುಮ್ನೆ ಹೊಲಿಯುವವರು, ತಿಂಗಳಿಗಿಷ್ಟು ಕಾಣಿಕೆ ಹಾಕುವವರು, ನಮ್ಮದೇನು ದೊಡ್ಡದು?

ಒಮ್ಮೆ ನೊವೆನಾಕ್ಕೆ, ಅಂದರೆ ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆಗೆ, ಬಂದಿದ್ದ ಹಿರಿಯ ಫಾದರೊಬ್ಬರು ಬೆಂತಿಣ್ ಎಲ್ಲಿಂದ ಬಂತು ಅಂತ ಹೇಳಿದರು. ಹಿಂದೆ ಮಠಗಳಲ್ಲಿ ಹೊಲದ ಕೆಲಸ, ಅಡುಗೆ ಕೆಲಸ ಮಾಡುವಾಗ ನಿಲುವಂಗಿ ಕೊಳೆಯಾಗದಿರಲಿ ಅಂತ ಹೆಗಲಿಂದ ಇಳಿಬಿಡುತ್ತಿದ್ದ ಬಟ್ಟೆ ಅದು. 1251ರಲ್ಲಿ ಮಾತೆ ಅದನ್ನು ಕಾರ್ಮೆಲ್ ಸಭೆ ಅನ್ನುವ ಸನ್ಯಾಸಿಗಳ ಸಂಘದ ಸಂತ ಸೈಮನ್ ಸ್ಟಾಕ್‌ಗೆ ಕೊಟ್ಟಳು ಅಂತ ಆ ಸಭೆಯವರ ನಂಬಿಕೆ. ನಾವು ಕೊರಳಿಗೆ ಹಾಕುವುದು ಅದರದೇ ಚಿಕ್ಕ ರೂಪ. ಅಂದರೆ ಮೀನು ಕೊಯ್ಯುವಾಗ ನಾನು ಕಟ್ಟಿಕೊಳ್ಳುವ ಏಪ್ರನ್ ಇದೆಯಲ್ಲ, ಅದೇ! ನನಗೆ ಅಲ್ಲೇ ಕಣ್ಣು ತುಂಬಿತು. ತಾಯಿ ನಮಗೆ ಕೊಟ್ಟದ್ದು ಕೆಲಸದ ಬಟ್ಟೆ, ಅಲ್ವಾ?

ಹಾಗಾಗಿ ಬೆಂತಿಣ್ ಒಂದಿದ್ದರೆ ಸಾಕು, ಅದೇ ಕಾಯುತ್ತದೆ ಅಂತ ತಾಯಿತದ ಹಾಗೆ ನೋಡುವುದು ನನಗೆ ಒಪ್ಪಿಗೆಯಿಲ್ಲ. ಫಾದರ್ ಅದನ್ನು ಆಶೀರ್ವದಿಸಿ ನಮ್ಮ ಕೊರಳಿಗೆ ಹಾಕಿದ ದಿನದಿಂದ ಆ ಸಭೆಯ ಪ್ರಾರ್ಥನೆಯಲ್ಲಿ ನಮಗೂ ಪಾಲುಂಟು, ಅವರ ಕೆಲಸದಲ್ಲೂ ಉಂಟು. ಇನ್ನೂ ಮುಂದೆ ಹೋಗಿ, ಮನೆ, ಮಕ್ಕಳು, ಉದ್ಯೋಗ ಯಾವುದನ್ನೂ ಬಿಡದೆ ಸಭೆಗೆ ಮಾತು ಕೊಟ್ಟು ದಿನಾ ಅರ್ಧ ಗಂಟೆ ಮೌನವಾಗಿ ಧ್ಯಾನಕ್ಕೆ ಕೂರುವ ಗೃಹಸ್ಥರೂ ಇದ್ದಾರೆ. ಇದೇನು ಈಗಿನ ಕಾಲದ್ದಲ್ಲ, 1452ರಲ್ಲೇ ಪೋಪ್ ಐದನೇ ನಿಕೊಲಸ್ ಅಂಥವರಿಗೆ ದಾರಿ ಮಾಡಿಕೊಟ್ಟರು. ನನಗೆ ಆ ಅರ್ಧ ಗಂಟೆ ಇನ್ನೂ ಕೂಡಿಬಂದಿಲ್ಲ. ಆಸೆಯಂತೂ ಇದೆ.

ಅಮ್ಮನಿಗೆ ಮಂಡಿನೋವು. ಇಗರ್ಜಿಗೆ (ಚರ್ಚಿಗೆ) ಹೋಗಲಾಗುವುದಿಲ್ಲ, ಕಣ್ಣು ಮಂಜಾಗಿ ಸೂಜಿಗೆ ದಾರವೂ ಪೋಣಿಸಲಾಗುವುದಿಲ್ಲ, ನಾನು ಯಾವ ಕೆಲಸಕ್ಕೂ ಬಾರದವಳು ಅಂತ ಅಳುತ್ತಿದ್ದಳು. ಅವಳಿಗೆ ಪುಟ್ಟ ತೆರೇಸಮ್ಮನ ಕತೆ ಹೇಳಿದೆ. ಫ್ರಾನ್ಸಿನ ಲಿಸ್ಯೂ ಊರಿನ ಕಾರ್ಮೆಲ್ ಮಠದೊಳಗೇ ಇದ್ದು 1897ರಲ್ಲಿ, 24ನೇ ವಯಸ್ಸಿಗೆ, ಕ್ಷಯದಿಂದ ತೀರಿಕೊಂಡವರು. ಕಾಯಿಲೆ ಜೋರಾಗಿದ್ದಾಗ, ನೋಡಿಕೊಳ್ಳುತ್ತಿದ್ದ ಸಿಸ್ಟರ್ ತೋಟದಲ್ಲಿ ಸ್ವಲ್ಪ ನಡೆದಾಡಿ ಅಂದಿದ್ದರಂತೆ. ಒಂದೊಂದು ಹೆಜ್ಜೆಯೂ ಕಷ್ಟ. ಆದರೂ ದೂರದಲ್ಲಿ ದಣಿದಿರುವ ಯಾರೋ ಒಬ್ಬ ಮಿಷನರಿಗಾಗಿ ನಡೆಯುತ್ತೇನೆ ಅಂದರಂತೆ ಅವರು. ಮಿಷನ್ನಿಗೆಂದು ಒಂದು ದಿನವೂ ಹೊರಗೆ ಹೋಗದ ಅವರನ್ನು 1927ರಲ್ಲಿ ಪೋಪ್ ಹನ್ನೊಂದನೇ ಪಯಸ್ ಮಿಷನ್‌ಗಳ ಪಾಲಕ ಸಂತರು ಅಂತ ಸಾರಿದರು, ಸಂತ ಫ್ರಾನ್ಸಿಸ್ ಝೇವಿಯರ್ ಜೊತೆಗೆ.

ಅಮ್ಮ ಏನೂ ಹೇಳಲಿಲ್ಲ.

ಈ ಸಲ ಹಬ್ಬದ ಹಿಂದಿನ ಸಂಜೆ ಅವಳ ಹಳೇ ಬೆಂತಿಣ್ ಲಾಡಿ ಸವೆದು ನೂಲಾಗಿದ್ದು ಕಂಡು ಹೊಸದು ಹಾಕಿದೆ. ಮೊದಲ ಸಲದ್ದಕ್ಕೆ ಆಶೀರ್ವಾದ ಆಗಿದ್ದರೆ ಆಮೇಲಿನದನ್ನು ನಾವೇ ಬದಲಿಸಿಕೊಳ್ಳಬಹುದು. ಅದನ್ನು ಒಂದು ಸಲ ಮುಟ್ಟಿ ನೋಡಿ, ಗೋಡೆ ಹಿಡಿದು ಎದ್ದಳು. ಹೊರಗೆ ಮಳೆ ಹೊಯ್ಯುತ್ತಿತ್ತು. ಜಗಲಿಯಲ್ಲಿ ಆ ತುದಿಯಿಂದ ಈ ತುದಿಗೆ ನಿಧಾನಕ್ಕೆ ನಡೆಯತೊಡಗಿದಳು. ಬಿದ್ದೀಯಾ ಅಂತ ನಾನು ಹಿಂದೆ ಹೋದರೆ, "ಇರು, ಇದು ನಮ್ಮ ಓಣಿಯ ಹುಡುಗಿಗೆ" ಅಂದಳು. ಆ ಹುಡುಗಿ ಸಿಸ್ಟರ್ ಆಗಿ ದೂರದ ಊರಲ್ಲಿ ಮಕ್ಕಳಿಗೆ ಪಾಠ ಮಾಡುತ್ತಿದ್ದಾಳೆ.