ರಿಜಿಸ್ಟರ್ ಮಾಡಿದ್ದೀನಲ್ಲ!

"ರಿಜಿಸ್ಟರ್ ಮಾಡಿದ್ದೀನಲ್ಲ, ಮತ್ತೆ ಯಾಕೆ ಓಡ್ತಿಲ್ಲ?" ಈ ವಾರದ ಕೋಡ್ ರಿವ್ಯೂನಲ್ಲಿ ಕೇಳಿಬಂದ ಈ ಮಾತು ಇನ್ನೂ ಕಿವಿ ಬಿಟ್ಟಿಲ್ಲ. ಕ್ಯೂನಿಂದ ಮೆಸೇಜ್ ಎತ್ತಿಕೊಳ್ಳಬೇಕಾದ ಲಿಸನರ್ ಕ್ಲಾಸು ಅದು. ಸಬ್‌ಸ್ಕ್ರೈಬ್ ಆಗುವ ಸಾಲು ಕನ್‌ಸ್ಟ್ರಕ್ಟರ್‌ನಲ್ಲೇ ಇತ್ತು, ಇಡೀ ಆಪ್‌ಗೆ ಒಂದೇ ಆಬ್ಜೆಕ್ಟ್ ಸಾಕೆಂದು ಕ್ಲಾಸನ್ನು ಡಾಟ್‌ನೆಟ್‌ನಲ್ಲಿ ರಿಜಿಸ್ಟರ್ ಮಾಡುವ ಆಡ್‌ಸಿಂಗಲ್ಟನ್ ಸಾಲೂ ಇತ್ತು. ಆಪ್ ಸರಾಗವಾಗಿ ಎದ್ದಿತ್ತು, ಲಾಗ್‌ನಲ್ಲಿ ಒಂದೂ ಎರರ್ ಇಲ್ಲ. ಮೆಸೇಜುಗಳು ಮಾತ್ರ ಕ್ಯೂನಲ್ಲೇ ಗುಡ್ಡೆ ಬಿದ್ದಿದ್ದವು.

ಕೇಳಿದವರು ದಡ್ಡರೇನಲ್ಲ, ಜಾವಾದ ಸ್ಪ್ರಿಂಗ್ ಫ್ರೇಮ್‌ವರ್ಕ್‌ನಲ್ಲಿ ಪಳಗಿದವರು. ಅಲ್ಲಿ ಅಪ್ಲಿಕೇಶನ್ ಕಾಂಟೆಕ್ಸ್ಟ್ ಏಳುವಾಗಲೇ ಸಿಂಗಲ್ಟನ್ ಬೀನ್‌ಗಳೆಲ್ಲ (ಸ್ಪ್ರಿಂಗ್ ತಾನೇ ನೋಡಿಕೊಳ್ಳುವ ಆಬ್ಜೆಕ್ಟ್‌ಗಳು) ಹುಟ್ಟಿಬಿಡುತ್ತವೆ. ಬೇಡವೆಂದರೆ ಲೇಜಿ ಎಂದು ನಾವೇ ಬರೆಯಬೇಕು. ಡಾಟ್‌ನೆಟ್ ಜೊತೆ ಬರುವ, ಆಬ್ಜೆಕ್ಟ್‌ಗಳನ್ನು ಹುಟ್ಟಿಸಿ ಕೊಡುವ ಕಂಟೇನರ್ ತದ್ವಿರುದ್ಧ: ಯಾರಾದರೂ ಕೇಳುವವರೆಗೆ ಆಬ್ಜೆಕ್ಟ್ ಹುಟ್ಟುವುದೇ ಇಲ್ಲ. ಈ ಲಿಸನರನ್ನು ಯಾವ ಕ್ಲಾಸೂ ಕೇಳಿರಲಿಲ್ಲ.

ರಿಜಿಸ್ಟರ್ ಮಾಡಿದ್ದನ್ನು ಬಿಲ್ಡ್ ಆಗುವಾಗಲೇ ಪರೀಕ್ಷಿಸುವ ವ್ಯಾಲಿಡೇಟ್‌ಆನ್‌ಬಿಲ್ಡ್ ಆಯ್ಕೆ ಇದ್ದಿದ್ದರೆ ಸಿಕ್ಕಿಬೀಳುತ್ತಿತ್ತು ಎಂದರು ಇನ್ನೊಬ್ಬರು. ಖಂಡಿತ ಇಲ್ಲ. ಕನ್‌ಸ್ಟ್ರಕ್ಟರ್‌ಗೆ ಬೇಕಾದದ್ದೆಲ್ಲ ರಿಜಿಸ್ಟರ್ ಆಗಿದೆಯೇ ಎಂದಷ್ಟೇ ಅದು ನೋಡುತ್ತದೆ, ಯಾವುದನ್ನೂ ಹುಟ್ಟಿಸುವುದಿಲ್ಲ. ಆಬ್ಜೆಕ್ಟ್ ತಂದುಕೊಡುವ ಪುಟ್ಟ ಫಂಕ್ಷನ್, ಅಂದರೆ ಲ್ಯಾಂಬ್ಡಾ, ಕೊಟ್ಟು ರಿಜಿಸ್ಟರ್ ಮಾಡಿದ್ದರೆ ಅದರೊಳಗೆ ಇಣುಕುವುದೂ ಇಲ್ಲ.

ಕ್ಯಾಷ್ ತುಂಬಿಸಿಡುವಂಥ ಕೆಲಸವಾದರೆ ದಾರಿ ಸುಲಭ: ಬಿಲ್ಡ್ ಆದ ಮೇಲೆ, ರನ್‌ಗೆ ಮುಂಚೆ, ಕಂಟೇನರ್‌ನಿಂದ ಆಬ್ಜೆಕ್ಟ್ ಕೇಳುವ ಗೆಟ್‌ರಿಕ್ವೈರ್ಡ್‌ಸರ್ವಿಸ್ ಕರೆದರೆ ಸಾಕು. ನಾವೇ ನ್ಯೂ ಮಾಡಿದ ಆಬ್ಜೆಕ್ಟನ್ನು ಕೊಟ್ಟರೂ ಆದೀತು, ಆದರೆ ಆಗ ಡಿಸ್ಪೋಸ್ ಮಾಡುವ ಹೊಣೆ ನಮ್ಮದೇ. ಕಂಟೇನರ್ ತಾನು ಹೆತ್ತದ್ದಕ್ಕೆ ಮಾತ್ರ ಕೊನೆಯ ಸಂಸ್ಕಾರ ಮಾಡುತ್ತದೆ.

ಲಿಸನರ್‌ನ ಕಥೆ ಬೇರೆ. ಕನ್‌ಸ್ಟ್ರಕ್ಟರ್‌ನಲ್ಲಿ ನೆಟ್‌ವರ್ಕ್ ಮುಟ್ಟಿದ್ದೇ ಮೂಲ ತಪ್ಪು. ಅಲ್ಲಿ ಅವೇಯ್ಟ್ ಮಾಡಲಾಗದು (ಥ್ರೆಡ್ಡನ್ನು ಹಿಡಿದಿಡದೆ ಕಾಯಲಾಗದು), ಹಾಗಾಗಿ ಥ್ರೆಡ್ಡನ್ನು ಅಡ್ಡಗಟ್ಟಿ ನಿಲ್ಲಿಸಬೇಕಾಗುತ್ತದೆ. ಮೊದಲೇ ಹುಟ್ಟಿಸಿದರೋ, ಕ್ಯೂ ನಡೆಸುವ ಬ್ರೋಕರ್ ಸಿಗದ ದಿನ ಆಪೇ ಏಳುವುದಿಲ್ಲ. ಕನ್‌ಸ್ಟ್ರಕ್ಟರ್ ತನಗೆ ಕೊಟ್ಟದ್ದನ್ನು ಫೀಲ್ಡ್‌ಗಳಲ್ಲಿ ಇಟ್ಟುಕೊಂಡು ಸುಮ್ಮನಿರಲಿ. ಕನೆಕ್ಷನ್, ರಿಟ್ರೈ ಎಲ್ಲ ಆಪ್ ಏಳುವಾಗ ಡಾಟ್‌ನೆಟ್ ತಾನೇ ಶುರುಮಾಡುವ ಹೋಸ್ಟೆಡ್ ಸರ್ವಿಸ್‌ನ ಸ್ಟಾರ್ಟ್‌ಅಸಿಂಕ್‌ಗೆ ಹೋಗಲಿ.

ಹಾಗೇ ಮಾಡಿದರು. ಆಡ್‌ಸಿಂಗಲ್ಟನ್ ಸಾಲಿನ ಕೆಳಗೆ ಆಡ್‌ಹೋಸ್ಟೆಡ್‌ಸರ್ವಿಸ್ ಸೇರಿಸಿದರು. ಮೆಸೇಜುಗಳು ಹರಿದವು, ಆದರೆ ಆಪ್ ಸರಿಯಿದೆಯೇ ಎಂದು ನೋಡುವ ಹೆಲ್ತ್ ಚೆಕ್ ಮಾತ್ರ ಲಿಸನರ್ ಕನೆಕ್ಟ್ ಆಗಿಲ್ಲ ಎಂದು ಹಠ ಹಿಡಿಯಿತು. "ರಿಜಿಸ್ಟರ್ ಮಾಡಿದ್ದೀನಲ್ಲ!" ಹೌದು, ಎರಡು ಸಲ. ಎರಡು ಸಾಲಿಗೆ ಎರಡು ಆಬ್ಜೆಕ್ಟ್: ಒಂದು ದುಡಿಯುತ್ತಿತ್ತು, ಹೆಲ್ತ್ ಚೆಕ್ ಕೈಗೆ ಸಿಕ್ಕಿದ್ದು ಎಂದೂ ಸ್ಟಾರ್ಟ್ ಆಗದ ಇನ್ನೊಂದು. ಆಡ್‌ಹೋಸ್ಟೆಡ್‌ಸರ್ವಿಸ್‌ಗೆ ಕ್ಲಾಸಿನ ಹೆಸರಿನ ಬದಲು, ಮೊದಲ ಸಾಲಿನ ಸಿಂಗಲ್ಟನ್ನನ್ನೇ ಗೆಟ್‌ರಿಕ್ವೈರ್ಡ್‌ಸರ್ವಿಸ್‌ನಿಂದ ತಂದುಕೊಡುವ ಲ್ಯಾಂಬ್ಡಾ ಕೊಟ್ಟಾಗ ಹೆಲ್ತ್ ಚೆಕ್ ಹಸಿರಾಯಿತು.