ಮೊದಲು ಗೈಡ್, ಆಮೇಲೆ ವಾಲ್ವ್

ಎರಕದ ಕಬ್ಬಿಣದ ಬ್ಯಾರೆಲ್ ಇರುವ ಹಳೇ ಬುಲೆಟ್ 350, ಬೋರ್ (ಬ್ಯಾರೆಲಿನ ಒಳವ್ಯಾಸ) 70 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 90. ಶನಿವಾರ ಅದರ ಹೆಡ್ (ಬ್ಯಾರೆಲಿನ ಮೇಲೆ ಕೂರುವ, ವಾಲ್ವ್‌ಗಳಿರುವ ಭಾಗ) ಬಿಚ್ಚಿ ಬೆಂಚಿನ ಮೇಲಿಟ್ಟಾಗ, ಆಯಿಲ್ ಸುಟ್ಟು ಬರುತ್ತಿದ್ದ ನೀಲಿ ಹೊಗೆಯ ಕಾರಣ ಕೈಗೇ ಸಿಕ್ಕಿತು. ಇನ್‌ಲೆಟ್ ವಾಲ್ವನ್ನು ಅದು ಮುಚ್ಚಿ ಕೂರುವ ಸೀಟಿನಿಂದ ಒಂದು ಸೆಂಟಿಮೀಟರ್ ಎತ್ತಿ ಅಲ್ಲಾಡಿಸಿದರೆ, ವಾಲ್ವಿನ ಕಾಂಡ ಜಾರುವ ಕೊಳವೆಯಾದ ಗೈಡಿನೊಳಗೆ ಲಟಲಟ ಆಡುತ್ತಿತ್ತು. ಎಕ್ಸಾಸ್ಟ್ ಕಡೆ ಇನ್ನೂ ಜಾಸ್ತಿ.

ಇಂಥ ಹೊತ್ತಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ 'ಫುಲ್ ಹೆಡ್ ಕಿಟ್ ಕೊಡಿ' ಅನ್ನುವುದು ಸುಲಭ. ನಾನು ಅದನ್ನು ಒಪ್ಪುವುದಿಲ್ಲ. ಅಳತೆ ಮಾಡದೆ ಸಾಮಾನು ತರಬಾರದು, ಅದರಲ್ಲೂ ಗೈಡ್. ಹಳೇ ಗೈಡ್ ಹಿಂದೆ ಒಂದೆರಡು ಸಲ ಬದಲಾಗಿದ್ದರೆ ಅಲ್ಯೂಮಿನಿಯಂ ಹೆಡ್ಡಿನ ತೂತು ಅಗಲವಾಗಿರುತ್ತದೆ. ಸ್ಟಾಂಡರ್ಡ್ ಗೈಡ್ ಅಲ್ಲಿ ಹಿಡಿತಕ್ಕೆ ಕೂರುವುದಿಲ್ಲ, ಇಂಜಿನ್ ಕಾದಾಗ ಸಡಿಲವಾಗುತ್ತದೆ. ಹೊರವ್ಯಾಸ ದೊಡ್ಡದಿರುವ ಓವರ್‌ಸೈಜ್ ಗೈಡನ್ನೇ ಕೇಳಬೇಕು, ಸಿಗದಿದ್ದರೆ ಲೇತ್‌ನಲ್ಲಿ ಮಾಡಿಸಬೇಕು. ಹೆಡ್ಡನ್ನು ಸುಮಾರು 150 ಡಿಗ್ರಿಗೆ ಕಾಯಿಸಿ, ಮೆಟ್ಟಿಲಿರುವ ಡ್ರಿಫ್ಟ್‌ನಿಂದ (ಹೊಡೆದು ತಳ್ಳುವ ಸಲಾಕೆ) ಹಳೆಯದನ್ನು ಹೊಡೆದು ತೆಗೆಯುವುದು. ತಣ್ಣಗಿದ್ದಾಗ ಹೊಡೆದರೆ ಅಲ್ಯೂಮಿನಿಯಂ ಕೆತ್ತಿಕೊಂಡೇ ಬರುತ್ತದೆ.

ಹೊಸ ಗೈಡ್ ಕೂತ ಮೇಲೆ ಅದರ ಒಳತೂತು ಸ್ವಲ್ಪ ಕುಗ್ಗುತ್ತದೆ. ಹಾಗಾಗಿ ತೂತನ್ನು ಅಳತೆಗೆ ತರುವ ರೀಮರ್ ಓಡಿಸುವುದು ಕೂರಿಸಿದ ನಂತರವೇ. ಕಾಂಡಕ್ಕೂ ಗೈಡಿಗೂ ನಡುವೆ ಇನ್‌ಲೆಟ್‌ಗೆ 0.05 ಮಿ.ಮೀ. ಆಸುಪಾಸು ಸಂದು ಬಿಟ್ಟೆ, ಎಕ್ಸಾಸ್ಟ್‌ಗೆ 0.08. ಎಕ್ಸಾಸ್ಟ್ ಕಾಂಡ ಹೆಚ್ಚು ಕಾದು ಹಿಗ್ಗುತ್ತದೆ, ಬಿಗಿಯಾದರೆ ಹಿಡಿದುಕೊಂಡುಬಿಡುತ್ತದೆ.

ಗೈಡ್ ಬದಲಾಯಿತೆಂದರೆ ವಾಲ್ವಿನ ನಡುಬಿಂದು ಸರಿದಂತೆ. ಹಳೇ ಸೀಟಿಗೆ ಅದು ಸರಿಹೊಂದದು, 45 ಡಿಗ್ರಿ ಕಟರ್‌ನಿಂದ ಮತ್ತೆ ಕತ್ತರಿಸಲೇಬೇಕು. ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಗಂಟೆಗಟ್ಟಲೆ ತಿಕ್ಕಿ ಸೀಟ್ ಮಾಡುತ್ತೇವೆ ಅನ್ನುವವರಿದ್ದಾರೆ. ಪೇಸ್ಟ್ ಇರುವುದು ಕೊನೆಯ ಹೊಂದಿಕೆ ನೋಡಲು ಮಾತ್ರ. ಬೂದುಬಣ್ಣದ ಪಟ್ಟಿ ಸುತ್ತಲೂ ಒಂದೇ ಅಗಲಕ್ಕೆ, ಸುಮಾರು 1.5 ಮಿ.ಮೀ., ಎಲ್ಲೂ ತುಂಡಾಗದೆ ಬರಬೇಕು. ಎಕ್ಸಾಸ್ಟ್ ಸೀಟು ತೀರಾ ಸಪೂರವಾದರೆ ವಾಲ್ವಿನ ಬಿಸಿ ಹೆಡ್ಡಿಗೆ ಇಳಿಯಲು ದಾರಿ ಸಾಲದೆ ಅಂಚು ಸುಡುತ್ತದೆ. ದೇಶದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ. ಸೀಟಿಗೆ ಸೀಸ ಕೊಡುತ್ತಿದ್ದ ರಕ್ಷಣೆಯೂ ಅಲ್ಲಿಗೆ ಹೋಯಿತು. ಆದ್ದರಿಂದ ಒಳಗಿಳಿದ ಸೀಟಿನ ಜಾಗಕ್ಕೆ ಗಟ್ಟಿ ಉಕ್ಕಿನ ಸೀಟನ್ನೇ ಹಾಕಿಸುತ್ತೇನೆ.

ವಾಲ್ವ್ ಕೊಳ್ಳುವಾಗ ಜೇಬಿನಲ್ಲಿ ಚಿಕ್ಕ ಆಯಸ್ಕಾಂತ ಇರಲಿ. ಹೆಚ್ಚು ಬಿಸಿ ತಡೆಯುವ 21-4ಎನ್ ಉಕ್ಕಿಗೆ ಅದು ಅಂಟುವುದಿಲ್ಲ. ಪರೀಕ್ಷೆ ತಲೆಯ ಮೇಲೆ ಮಾಡಬೇಕು, ಕಾಂಡವನ್ನು ಬೇರೆ ಉಕ್ಕಿನಿಂದ ಬೆಸೆದಿರಬಹುದು. ಎಕ್ಸಾಸ್ಟ್ ವಾಲ್ವಿನ ತಲೆಗೆ ಆಯಸ್ಕಾಂತ ಗಪ್ಪನೆ ಹಿಡಿದರೆ ನಾನು ವಾಪಸ್ ಕೊಡುತ್ತೇನೆ. ಇನ್‌ಲೆಟ್‌ಗೆ ಹಿಡಿದರೆ ತೊಂದರೆಯಿಲ್ಲ.

ಸ್ಪ್ರಿಂಗ್, ಅದನ್ನು ವಾಲ್ವಿನ ತುದಿಗೆ ಹಿಡಿದಿಡುವ ಕಾಟರ್ (ಸಣ್ಣ ಬೆಣೆ) ವಿಚಾರ ಚಿಕ್ಕದು. ಒಳಹೊರ ಎರಡೂ ಸ್ಪ್ರಿಂಗನ್ನು ಹೊಸದರ ಪಕ್ಕ ನಿಲ್ಲಿಸಿ ನೋಡಿ. ಕುಗ್ಗಿದ್ದರೆ ಜೋಡಿಯಾಗಿಯೇ ಬದಲಿಸಿ. ಹಳೇ ಕಾಟರ್ ಹೊಸ ವಾಲ್ವಿಗೆ ಬೇಡ.

ಜೋಡಿಸಿದ ಮೇಲೆ ಪೋರ್ಟಿಗೆ (ವಾಲ್ವಿನ ಹಿಂದಿನ ಗಾಳಿಯ ದಾರಿ) ಪೆಟ್ರೋಲ್ ಸುರಿದು ಐದು ನಿಮಿಷ ಬಿಟ್ಟೆ. ವಾಲ್ವಿನ ಅಂಚು ಒಣಗಿಯೇ ಇತ್ತು. ಹೆಡ್ ಕೂರಿಸಿ, ಇಂಜಿನ್ ಓಡಿಸಿ ಒಮ್ಮೆ ಕಾಯಿಸಿ, ಪೂರ್ತಿ ಆರಿದ ಮೇಲೆ ನಟ್‌ಗಳನ್ನು ಮತ್ತೆ ಬಿಗಿ ಮಾಡುವುದು. ಆಗ ಗ್ಯಾಸ್ಕೆಟ್ ಒತ್ತಿಕೊಂಡು ಹೆಡ್ ಕೂದಲೆಳೆಯಷ್ಟು ಕೆಳಗಿಳಿಯುತ್ತದೆ, ಟ್ಯಾಪೆಟ್ (ವಾಲ್ವ್ ತೆರೆಸುವ ಜೋಡಣೆಯ ಸಂದು) ಬಿಗಿಯಾಗುತ್ತದೆ. ಕಂಪ್ರೆಶನ್‌ನ ಟಿ.ಡಿ.ಸಿ.ಯಲ್ಲಿ (ಎರಡೂ ವಾಲ್ವ್ ಮುಚ್ಚಿ ಪಿಸ್ಟನ್ ತೀರಾ ಮೇಲಿರುವಾಗ) ವಾಲ್ವ್ ತೆರೆಸುವ ಕಡ್ಡಿಯಾದ ಪುಶ್‌ರಾಡ್ ಬೆರಳಿಗೆ ಸಲೀಸಾಗಿ ತಿರುಗುವವರೆಗೂ ಅಡ್ಜಸ್ಟರ್ ಸಡಿಲಿಸಿ ಲಾಕ್‌ನಟ್ ಬಿಗಿ ಮಾಡಬೇಕು.