ಸ್ಲೈಡಿಂಗ್ ಮೈಟರ್ ಸಾ ಕೊಳ್ಳಲಾ, ಬೇಡವಾ: ಪುಸ್ತಕದ ಕಪಾಟು, ಮೂರನೇ ವಾರ

ಹಲಗೆಗಳು ಒಣಗಿ ಸಿದ್ಧವಾಗಿವೆ. ಅಗಲ 280 ಮಿಮೀ, ದಪ್ಪ 18. ಇನ್ನು ಕೊಯ್ಯಬೇಕು. ಕೊಯ್ಯುವ ಮೊದಲೇ ಹಳೇ ಆಸೆ ಮತ್ತೆ ತಲೆ ಎತ್ತಿದೆ: ಒಂದು ಸ್ಲೈಡಿಂಗ್ ಕಾಂಪೌಂಡ್ ಮೈಟರ್ ಸಾ ತಗೊಂಡುಬಿಡೋಣವಾ? ಮೈಟರ್ ಸಾ ಅಂದರೆ ಮೇಲಿಂದ ಇಳಿಯುವ ದುಂಡು ಬ್ಲೇಡಿನಿಂದ ಹಲಗೆಯನ್ನು ಬೇಕಾದ ಕೋನಕ್ಕೆ ಅಡ್ಡ ಕೊಯ್ಯುವ ಯಂತ್ರ; ಕಾಂಪೌಂಡ್ ಆದರೆ ಬ್ಲೇಡನ್ನು ಪಕ್ಕಕ್ಕೂ ವಾಲಿಸಬಹುದು.

ಆಸೆಗೆ ಕಾರಣ ಈ 280 ಅನ್ನುವ ಅಳತೆಯೇ. ಸ್ಲೈಡ್ ಇಲ್ಲದ, 10 ಇಂಚು ವ್ಯಾಸದ ಬ್ಲೇಡಿನ ಮೈಟರ್ ಸಾ ನೇರವಾಗಿ ಕೊಯ್ಯುವಾಗ ಸುಮಾರು 140–150 ಮಿಮೀ ಅಗಲಕ್ಕೇ ನಿಂತುಬಿಡುತ್ತದೆ. 12 ಇಂಚಿನದು 200ರ ಆಸುಪಾಸು. ಸ್ಲೈಡಿಂಗ್ ಆದರೆ ಬ್ಲೇಡಿನ ತಲೆ ಕಂಬಿಗಳ ಮೇಲೆ ಹಿಂದೆ ಮುಂದೆ ಸರಿಯುತ್ತದೆ, 300 ಮಿಮೀ ತನಕ ಸಿಗುತ್ತದೆ. ನನ್ನ ಹಲಗೆ ಅದರೊಳಗೆ ಆರಾಮಾಗಿ ಕೂರುತ್ತದೆ.

ಗೆಳೆಯರೊಬ್ಬರು ತಮ್ಮದನ್ನು ಒಂದು ವಾರಕ್ಕೆ ಕೊಟ್ಟರು. ಕೊಳ್ಳುವ ಮೊದಲು ಕೈಯಲ್ಲಿ ಹಿಡಿದು ನೋಡಲು ಸಿಕ್ಕಿದ್ದು ನನ್ನ ಅದೃಷ್ಟ.

ಮೊದಲು ಮಾಡಿದ್ದು ಮಗುಚಿ ನೋಡುವ ಪರೀಕ್ಷೆ. ಬೇಡದ ಹಲಗೆಯೊಂದನ್ನು ಅಡ್ಡಕ್ಕೆ ಕೊಯ್ದು, ಒಂದು ತುಂಡನ್ನು ಮಗುಚಿ, ಕೊಯ್ದ ಎರಡು ಅಂಚುಗಳನ್ನು ಒಂದಕ್ಕೊಂದು ಸೇರಿಸಬೇಕು. ಎರಡನ್ನೂ ನೇರವಾದ ಪಟ್ಟಿಯೊಂದಕ್ಕೆ ಒತ್ತಿ ಹಿಡಿಯಬೇಕು. ತಪ್ಪು ಇದ್ದರೆ ಸಂದು ಅದರ ಎರಡು ಪಟ್ಟು ಕಾಣುತ್ತದೆ. ಮೂಲೆಮಟ್ಟಕ್ಕಿಂತ ಇದನ್ನೇ ನಾನು ಜಾಸ್ತಿ ನಂಬುತ್ತೇನೆ.

90 ಮಿಮೀ ಪಟ್ಟಿಯಲ್ಲಿ ಸಂದೇ ಇಲ್ಲ. 280ರ ಹಲಗೆಯಲ್ಲಿ ಒಂದು ತುದಿಗೆ 1 ಮಿಮೀ ಸಂದು! ಅಂದರೆ ನಿಜವಾದ ತಪ್ಪು ಅರ್ಧ ಮಿಮೀ, ಕೋನದ ಲೆಕ್ಕದಲ್ಲಿ 0.1 ಡಿಗ್ರಿ. ಫೆನ್ಸ್ (ಹಲಗೆಯನ್ನು ಒರಗಿಸುವ ಹಿಂಬದಿಯ ಪಟ್ಟಿ) ಓರೆಯಾಗಿದ್ದರೆ ಸಣ್ಣ ಪಟ್ಟಿಯಲ್ಲೂ ಸ್ವಲ್ಪ ಕಾಣಬೇಕಿತ್ತು, ಅಲ್ವಾ? ಅದಕ್ಕೇ ನನ್ನ ಕೈಯನ್ನೇ ಗಮನಿಸಿದೆ. ತಲೆಯನ್ನು ಪೂರ್ತಿ ಮುಂದಕ್ಕೆ ಎಳೆದಾಗ ಹಿಡಿಯನ್ನು ಗೊತ್ತಿಲ್ಲದೇ ಪಕ್ಕಕ್ಕೆ ಒತ್ತುತ್ತಿದ್ದೆ. ಕಂಬಿ ಅಷ್ಟು ಉದ್ದಕ್ಕೆ ಚಾಚಿದಾಗ ಆ ಚೂರು ಒತ್ತಡವೂ ಬ್ಲೇಡಿಗೆ ತಲುಪುತ್ತದೆ. ಹಗುರವಾಗಿ ಹಿಡಿದು, ನಿಧಾನಕ್ಕೆ ತಳ್ಳಿದೆ. ಸಂದು ಕಾಗದದ ದಪ್ಪಕ್ಕೆ ಇಳಿಯಿತು. ಮೂರು ಸಲ ಮಾಡಿ ನೋಡಿದೆ, ಮೂರು ಸಲವೂ ಹಾಗೇ.

ತಳ್ಳುವುದು ಅಂದೆನಲ್ಲ, ಅದು ಮುಖ್ಯ. ಬ್ಲೇಡ್ ಮೇಲಿರುವಾಗಲೇ ತಲೆಯನ್ನು ನಮ್ಮ ಕಡೆ ಎಳೆದುಕೊಳ್ಳಬೇಕು, ಚಾಲೂ ಮಾಡಿ ಪೂರ್ತಿ ವೇಗ ಬಂದ ಮೇಲೆ ಇಳಿಸಬೇಕು, ಆಮೇಲೆ ಹಿಂದಕ್ಕೆ ತಳ್ಳುತ್ತಾ ಕೊಯ್ಯಬೇಕು. ಎಳೆಯುತ್ತಾ ಕೊಯ್ದರೆ ಬ್ಲೇಡ್ ಮರದ ಮೇಲೆ ಹತ್ತಿ ನಮ್ಮ ಕಡೆಗೇ ನುಗ್ಗಬಹುದು. ಹಲ್ಲುಗಳು ಮುಂದಕ್ಕೆ ಜಾಸ್ತಿ ಬಾಗಿರುವ ಟೇಬಲ್ ಸಾ (ಮೇಜಿನಡಿಯಿಂದ ಬ್ಲೇಡ್ ಮೇಲೆ ಬರುವ ಗರಗಸ) ಬ್ಲೇಡನ್ನು ಇದಕ್ಕೆ ಹಾಕಬಾರದು ಅನ್ನುವುದೂ ಅದಕ್ಕೇ. ಕಡಿಮೆ ಬಾಗು, ಇಲ್ಲವೇ ಹಿಂದಕ್ಕೆ ಬಾಗಿದ ಹಲ್ಲು ಇದ್ದರೆ ಮರವನ್ನು ಸೆಳೆದುಕೊಳ್ಳುವುದು ತಗ್ಗುತ್ತದೆ.

ಯಂತ್ರ ನನಗೆ ತುಂಬಾ ಹಿಡಿಸಿತು. ತೊಡಕಾಗಿದ್ದು ಜಾಗ. ನನ್ನ ಕೆಲಸದ ಮೇಜು 600 ಮಿಮೀ ಆಳ, ಗೋಡೆಗೆ ಅಂಟಿಕೊಂಡಿದೆ. ತಲೆಯನ್ನು ಹಿಂದಕ್ಕೆ ತಳ್ಳಿದಾಗ ಕಂಬಿಗಳು ಯಂತ್ರದ ಬೆನ್ನ ಹಿಂದೆ ಚಾಚುತ್ತವೆ. ಅಳೆದರೆ ಒಟ್ಟು 900 ಮಿಮೀ ಬೇಕು. ಮೇಜನ್ನು ಮುಂದಕ್ಕೆ ಎಳೆದರೆ ನಾನು ನಿಲ್ಲುವ ಜಾಗವೇ ಹೋಗುತ್ತದೆ. ಕಂಬಿ ಹಿಂದೆ ಚಾಚದ ಮಾದರಿಗಳೂ ಇವೆ. ಆದರೆ ಇಂಥ ಯಂತ್ರಗಳ ತೂಕ 20 ಕೆಜಿ ದಾಟುವುದು ಸಾಮಾನ್ಯ. ಎತ್ತಿಟ್ಟು ಕೆಲಸ ಮಾಡುವವನಿಗೆ ಅದೂ ಲೆಕ್ಕವೇ.

ನಿನ್ನೆ ರಾತ್ರಿ ಕೂತು ಈ ಕಪಾಟಿಗೆ ಬೇಕಾದ ಕಟ್‌ಗಳನ್ನೆಲ್ಲ ಬರೆದೆ. ಒಟ್ಟು 58. ಎರಡು ಬದಿ, ಐದು ಅಡ್ಡ ಹಲಗೆ, ತಲಾ ಎರಡು ತುದಿ: ಅಗಲದವು 14 ಮಾತ್ರ. ಉಳಿದ 44 ಎಲ್ಲವೂ ಚೌಕಟ್ಟಿನ ಪಟ್ಟಿ, ಬೀಡಿಂಗ್, ಆಧಾರದ ಪಟ್ಟಿ. ಯಾವುದೂ 100 ಮಿಮೀ ದಾಟುವುದಿಲ್ಲ. ನಿಖರತೆ ನಿಜವಾಗಿ ಬೇಕಾಗಿರುವುದೂ ಇಲ್ಲೇ. ನಾಲ್ಕು ಮೂಲೆಯ ಚೌಕಟ್ಟಿಗೆ 45 ಡಿಗ್ರಿಯ ಎಂಟು ಕಟ್. ಒಂದೊಂದರಲ್ಲೂ ಅರ್ಧ ಡಿಗ್ರಿ ಒಂದೇ ಕಡೆಗೆ ತಪ್ಪಿದರೆ ಕೊನೇ ಮೂಲೆಯಲ್ಲಿ 4 ಡಿಗ್ರಿ ಬಾಯಿ ಬಿಡುತ್ತದೆ. ಕೈಗರಗಸದಲ್ಲಿ ಇದನ್ನು ಅನುಭವಿಸಿದ್ದೇನೆ.

ಈ ಪಟ್ಟಿ ನೋಡಿದ ಮೇಲೆ ಮನಸ್ಸು ಗಟ್ಟಿಯಾಯಿತು. ಸ್ಲೈಡ್ ಇಲ್ಲದ 10 ಇಂಚಿನ ಕಾಂಪೌಂಡ್ ಮೈಟರ್ ಸಾ ತಗೊಳ್ಳುತ್ತೇನೆ. ಅದು ನನ್ನ ಮೇಜಿನ ಮೇಲೇ ಕೂರುತ್ತದೆ. ಅಗಲದ 14ಕ್ಕೆ ಕೈಯಲ್ಲಿ ಹಿಡಿದು ಓಡಿಸುವ ನನ್ನ ಸರ್ಕ್ಯುಲರ್ ಸಾ ಸಾಕು.

ಅದಕ್ಕಾಗಿ ಇವತ್ತು ಪ್ಲೈವುಡ್ಡಿನಲ್ಲಿ ಒಂದು ಗೈಡ್ ಮಾಡಿದೆ. ತೆಳು ತಳದ ಮೇಲೆ ನೇರ ಪಟ್ಟಿ ಅಂಟಿಸಿ, ಅದಕ್ಕೆ ಒರಗಿಸಿ ಸಾ ಓಡಿಸಿ ತಳದ ಹೆಚ್ಚುವರಿ ಅಂಚನ್ನು ಕೊಯ್ದೆ. ಈಗ ಆ ಅಂಚು ಇರುವ ಕಡೆಯೇ ಬ್ಲೇಡ್ ಹೋಗುತ್ತದೆ, ಗೆರೆಗೆ ಇಟ್ಟು ಕ್ಲ್ಯಾಂಪ್ ಹಾಕಿದರೆ ಆಯಿತು. ಎರಡು ಬದಿ ಹಲಗೆಗಳನ್ನು ಒಂದರ ಮೇಲೊಂದಿಟ್ಟು ಒಟ್ಟಿಗೇ ಕೊಯ್ದೆ. ಪಕ್ಕಪಕ್ಕ ನಿಲ್ಲಿಸಿ ಬೆರಳು ಆಡಿಸಿದರೆ ಮೆಟ್ಟಿಲು ಸಿಗಲಿಲ್ಲ.

ನಾಳೆ ಐದು ಅಡ್ಡ ಹಲಗೆ. ಎರಡೆರಡಾಗಿ ಕೊಯ್ದು, ಕೊನೆಯದಕ್ಕೆ ಮೊದಲ ಹಲಗೆಯನ್ನೇ ಅಳತೆಗೆ ಇಡುತ್ತೇನೆ.